ನೆಬ್ರಾಸ್ಕದಲ್ಲೊಂದು ಸ್ಥಳ ಮಹಜರು

ಕಂದಾಯ ಇಲಾಖೆಯಲ್ಲಿ ಸವೆದು ನಿವೃತ್ತನಾದವನನ್ನು ನೆಬ್ರಾಸ್ಕಕ್ಕೆ ಕರೆದುಕೊಂಡು ಹೋಗಬಾರದು. ಬೇರೆಯವರು ಅಲ್ಲಿ ಆಕಾಶ ನೋಡುತ್ತಾರೆ, ಮುಸುಕಿನ ಜೋಳದ ಹೊಲ ನೋಡುತ್ತಾರೆ, ಆಮೇಲೂ ಮುಸುಕಿನ ಜೋಳದ ಹೊಲವೇ ಬರುವುದನ್ನು ಕಂಡು ಕಾರಿನಲ್ಲಿ ಕಣ್ಣು ಮುಚ್ಚುತ್ತಾರೆ. ನಾನು ಅಳತೆ ಶುರುಮಾಡಿದೆ.

ಒಮಾಹಾದಿಂದ ಪಶ್ಚಿಮಕ್ಕೆ ಹೋಗುವ ಹೆದ್ದಾರಿ ಬಿಟ್ಟು ಒಳರಸ್ತೆಗೆ ಇಳಿದದ್ದೇ ತಡ, ಅಡ್ಡರಸ್ತೆಗಳು ಸರಿಯಾಗಿ ಮೈಲಿಗೊಂದರಂತೆ ಬರತೊಡಗಿದವು. ಒಂದೂ ಸೊಟ್ಟಗಿಲ್ಲ. ಆರು ಮೈಲಿ ಉದ್ದ, ಆರು ಮೈಲಿ ಅಗಲದ ಚೌಕ; ಅದರೊಳಗೆ 36 ಭಾಗ; ಭಾಗಕ್ಕೆ 640 ಎಕರೆ; ಅದರ ಕಾಲುಪಾಲು 160 ಎಕರೆ. ಹೀಗೆ ಅಳೆಯಬೇಕೆಂದು 1785ರಲ್ಲೇ ಕಾನೂನು ಮಾಡಿ, ಸರಪಳಿ ಹಿಡಿದು ಹೊರಟವರು ಅರ್ಧ ದೇಶವನ್ನೇ ಗೆರೆ ಎಳೆದು ಮುಗಿಸಿದ್ದಾರೆ. ಇಲ್ಲಿ 16 ಮತ್ತು 36ನೆಯ ಭಾಗಗಳನ್ನು ಶಾಲೆಗೆಂದು ಮೊದಲೇ ತೆಗೆದಿಟ್ಟಿದ್ದರು. ನಮ್ಮ ಕಡೆ ಚೆಕ್ಕುಬಂದಿ ಬರೆಯುವುದು ಗೊತ್ತಲ್ಲ: ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಹುಣಿಸೆಮರ, ಉತ್ತರಕ್ಕೆ ದಾಯಾದಿ, ದಕ್ಷಿಣಕ್ಕೆ ಕೋರ್ಟಿನಲ್ಲಿರುವ ವ್ಯಾಜ್ಯ. ಹಳ್ಳ ಜಾಗ ಬದಲಿಸುತ್ತದೆ, ಮರವನ್ನು ದಾಯಾದಿ ಕಡಿಯುತ್ತಾನೆ, ವ್ಯಾಜ್ಯ ಒಂದೇ ಸ್ಥಿರ.

“ಖರಾಬು ಇಲ್ಲ, ಒತ್ತುವರಿ ಇಲ್ಲ, ಗೋಮಾಳ ಇಲ್ಲ. ಇಂಥ ಊರಲ್ಲಿ ಶಿರಸ್ತೇದಾರನಿಗೆ ಏನು ಕೆಲಸ?” ಅಂತ ನಾನು ಉದ್ಗಾರ ತೆಗೆದೆ.

“ನಿಮಗೆ ಇದ್ದೂರಲ್ಲೂ ಏನು ಕೆಲಸ ಇತ್ತು ಅಂತ,” ಎಂದಳು ನನ್ನವಳು, ಹಿಂದಿನ ಸೀಟಿನಿಂದ.

ಈ ಪ್ರಯಾಣಕ್ಕೆ ಕಾರಣ ನನ್ನ ಬಾಯಿಯೇ. ಮಗನ ಮನೆಗೆ ಬಂದಿಳಿದಾಗಿನಿಂದ ಅದು ಸುಮ್ಮನಿರಲಿಲ್ಲ. ಪಾತ್ರೆ ತೊಳೆಯುವ ಯಂತ್ರ ಕಂಡರೆ, “ನಮ್ಮ ಕಾಲದಲ್ಲಿ ಬೂದಿ, ಹುಣಿಸೆಹಣ್ಣು, ತಟ್ಟೆ ಕನ್ನಡಿ ಆಗ್ತಿತ್ತು.” ಅಂಗಡಿಯ ಬೆಣ್ಣೆ ಕಂಡರೆ, “ನಮ್ಮ ಕಾಲದಲ್ಲಿ ಕಡೆದ ಬೆಣ್ಣೆ, ಇದು ಮೇಣ.” ಬಟ್ಟೆ ಒಣಗಿಸುವ ಯಂತ್ರದ ಮುಂದೆ ನಿಂತು ನಾನು ಸೂರ್ಯನ ಪರವಾಗಿ ಮಾಡಿದ ಭಾಷಣ ಮುಗಿದ ಮೇಲೆ ಸೊಸೆ ಬಹಳ ವಿನಯದಿಂದ ಹೇಳಿದಳು: “ಮಾವ, ಮಿಂಡನ್ ಅಂತ ಒಂದು ಸಣ್ಣ ಊರಿದೆ. ಹಳೇ ಕಾಲದ ಮನೆ, ಅಂಗಡಿ, ಶಾಲೆ ಎಲ್ಲ ತಂದು ಬಯಲಲ್ಲಿ ಇಟ್ಟಿದಾರೆ. ನಿಮಗೆ ಇಷ್ಟ ಆಗುತ್ತೆ.” ಅವಳ ವಿನಯದೊಳಗೆ ಬೇರೇನಾದರೂ ಇತ್ತೇ ಎಂದು ನಾನು ಆಗ ನೋಡಲಿಲ್ಲ. ಶಿಕಾಗೋಗೆ ಹೋಗೋಣ ಎಂದಿದ್ದ ಮಗ ಸ್ಟೀರಿಂಗ್ ಹಿಡಿದು ಮೌನವಾಗಿದ್ದ.

ಮಿಂಡನ್ ಮೂರು ಸಾವಿರ ಜನರ ಊರು, ಆದರೂ ಜಿಲ್ಲಾ ಕೇಂದ್ರ. ನಮ್ಮ ಒಂದು ಹಳ್ಳಿಯಷ್ಟು ಜನಕ್ಕೆ ಊರ ನಡುವೆ ಬಿಳಿಯ ಗುಮ್ಮಟದ ಕೋರ್ಟು ಕಟ್ಟಡ ಬೇರೆ. ನಾನು ಅದರ ಮೆಟ್ಟಿಲು ಹತ್ತಿ ದಾಖಲೆ ಕೋಣೆ ಎಲ್ಲಿದೆ ನೋಡಬೇಕೆಂದೆ. ಎಲ್ಲರೂ ಒಟ್ಟಿಗೆ “ಬೇಡ” ಎಂದರು.

ಮ್ಯೂಸಿಯಂ ಕಟ್ಟಿದವನ ಕತೆ ಸ್ವಾರಸ್ಯದ್ದು. ಹೆರಾಲ್ಡ್ ವಾರ್ಪ್ ಅಂತ. ನಾರ್ವೆಯಿಂದ ವಲಸೆ ಬಂದ ರೈತನ ಹನ್ನೆರಡು ಮಕ್ಕಳಲ್ಲಿ ಕೊನೆಯವನು. 1903ರಲ್ಲಿ ಇದೇ ಮಿಂಡನ್ ಹತ್ತಿರ ಹುಲ್ಲುಹೆಂಟೆಯ ಮನೆಯಲ್ಲಿ ಹುಟ್ಟಿದವನು. ಕೋಳಿಗೂಡಿನ ಕಿಟಕಿಗೆ ಗಾಜಿನ ಬದಲು ಹಾಕುವ ಒಂದು ಹಾಳೆ ಕಂಡುಹಿಡಿದ. ಬಿಸಿಲಿನಲ್ಲಿ ಕೋಳಿಗೆ ಬೇಕಾದ ಕಿರಣ ಗಾಜಿನಲ್ಲಿ ನುಸುಳುವುದಿಲ್ಲ, ಈ ಹಾಳೆಯಲ್ಲಿ ನುಸುಳುತ್ತದೆ. ಅದನ್ನು ಹೊತ್ತುಕೊಂಡು 1924ರಲ್ಲಿ ಶಿಕಾಗೋಗೆ ಹೋಗಿ ಪ್ಲಾಸ್ಟಿಕ್ಕಿನ ಸಾಹುಕಾರನಾದ. 1948ರಲ್ಲಿ ತಾನು ಓದಿದ ಹಳ್ಳಿ ಶಾಲೆಯನ್ನು ಹರಾಜಿಗೆ ಇಟ್ಟಿದ್ದಾರೆಂದು ಗೊತ್ತಾಗಿ ಕಟ್ಟಡವನ್ನೇ ಕೊಂಡ. ಒಂದು ಶಾಲೆ ಕೊಂಡವನು ಸುಮ್ಮನಿರುತ್ತಾನೆಯೇ? ಚರ್ಚು ಕೊಂಡ, ರೈಲ್ವೆ ಸ್ಟೇಷನ್ ಕೊಂಡ, ಅಂಗಡಿ ಕೊಂಡ, ಕಾರು ಟ್ರ್ಯಾಕ್ಟರುಗಳನ್ನು ರಾಶಿ ಹಾಕಿದ. 1953ರಲ್ಲಿ ಬಾಗಿಲು ತೆರೆದ ಈ ಪಯೋನಿಯರ್ ವಿಲೇಜ್‌ನಲ್ಲಿ 28 ಕಟ್ಟಡ, ಐವತ್ತು ಸಾವಿರ ವಸ್ತು. ಎಲ್ಲವನ್ನೂ ವರ್ಷದ ಕ್ರಮದಲ್ಲಿ ಜೋಡಿಸಿದ್ದಾರೆ. ಕಡತವನ್ನು ವರ್ಷವಾರು ಜೋಡಿಸಿದ್ದನ್ನು ನಾನು ಸೇವಾವಧಿಯಲ್ಲಿ ಕಂಡಿರಲಿಲ್ಲ. ಕಣ್ಣು ತುಂಬಿ ಬಂತು.

ಮೊಮ್ಮಗಳ ಕೈಯಲ್ಲಿ ಅವಳ ಬೇಸಿಗೆ ಶಿಬಿರದಲ್ಲಿ ಕೊಟ್ಟ ಒಂದು ಹಾಳೆ ಇತ್ತು. ಹಳೆಯ ಕಾಲದ ಮಕ್ಕಳು ಮನೆಯಲ್ಲಿ ಮಾಡುತ್ತಿದ್ದ ಕೆಲಸಗಳ ಪಟ್ಟಿ ಅದು: ನೀರು ಸೇದುವುದು, ಉರುವಲು ಆರಿಸುವುದು, ಬೆಣ್ಣೆ ಕಡೆಯುವುದು, ಕೋಳಿಗೆ ಕಾಳು ಹಾಕುವುದು, ದೀಪದ ಗಾಜು ಒರೆಸುವುದು. ಮನೆಯ ಹಿರಿಯರನ್ನು ಕೇಳಿ, ಅವರು ಮಾಡಿದ್ದಕ್ಕೆ ಗುರುತು ಹಾಕಬೇಕು.

“ತಾತ, ನೀನು ಓಲ್ಡ್ ಟೈಮ್ಸ್ ಅಲ್ವಾ?” ಎಂದು ಪೆನ್ಸಿಲ್ ಹಿಡಿದು ನಿಂತಿತು.

“ಆಮೇಲೆ ಹೇಳ್ತೀನಿ ಪುಟ್ಟ, ಮೊದಲು ನೋಡೋಣ,” ಎಂದು ಜಾರಿಕೊಂಡೆ. ಹೇಳಿಕೆ ಕೊಡಲು ವಾಯಿದೆ ಕೇಳುವುದು ನನಗೇನು ಹೊಸದಲ್ಲ.

ಹಾಗೆ ಜಾರಿಕೊಂಡು ನಾನು ಸೇರಿದ್ದು ನೇರವಾಗಿ ಭೂಮಿ ಹಂಚುವ ಕಚೇರಿಗೆ. ಹೌದು, ಆ ಮ್ಯೂಸಿಯಂನಲ್ಲಿ ಒಂದು ಹಳೆಯ ಲ್ಯಾಂಡ್ ಆಫೀಸೂ ಇದೆ. ಚರ್ಚಿನ ಮುಂದೆ ನಿಂತಾಗ ಬಾರದ ಭಕ್ತಿ ನನಗೆ ಅಲ್ಲಿ ಬಂತು. ಅಬ್ರಹಾಂ ಲಿಂಕನ್ 1862ರಲ್ಲಿ ರುಜು ಹಾಕಿದ ಹೋಮ್‌ಸ್ಟೆಡ್ ಕಾಯಿದೆ ಜಾರಿಯಾದದ್ದು ಇಂಥ ಮರದ ಕೋಣೆಗಳಿಂದ. ಇಪ್ಪತ್ತೊಂದು ತುಂಬಿದವನು, ಅಥವಾ ಕುಟುಂಬದ ಯಜಮಾನ, ಅರ್ಜಿ ಹಾಕಿ 160 ಎಕರೆ ಹಿಡಿಯಬಹುದು. ಶುಲ್ಕ ಎಲ್ಲ ಸೇರಿ 18 ಡಾಲರ್. ಐದು ವರ್ಷ ಅಲ್ಲೇ ಮನೆ ಕಟ್ಟಿ ವಾಸ ಮಾಡಿ, ಉತ್ತು, ಇಬ್ಬರು ಸಾಕ್ಷಿಗಳನ್ನು ಕರೆತಂದು ಹೇಳಿಸಿದರೆ ಹಕ್ಕುಪತ್ರ. ಅಷ್ಟು ತಾಳ್ಮೆ ಇಲ್ಲದವನು ಆರು ತಿಂಗಳಿದ್ದು, ಎಕರೆಗೆ ಒಂದೂಕಾಲು ಡಾಲರ್ ಕಟ್ಟಿ ಬರೆಸಿಕೊಳ್ಳಬಹುದು. ಇವತ್ತಿನ ನೆಬ್ರಾಸ್ಕದ ಸುಮಾರು ಶೇಕಡ 45ರಷ್ಟು ನೆಲ ಹೀಗೆ ಕೈಸೇರಿದ್ದು.

“ಇದು ನಮ್ಮ ಬಗರ್ ಹುಕುಂ ಕಣೋ!” ಎಂದು ನಾನು ಮಗನ ಭುಜ ಹಿಡಿದು ಅಲುಗಿಸಿದೆ. “ನಮ್ಮಲ್ಲಿ ಮೊದಲು ಉಳೋದು, ಆಮೇಲೆ ಅರ್ಜಿ. ಇಲ್ಲಿ ಮೊದಲು ಅರ್ಜಿ, ಆಮೇಲೆ ಉಳೋದು. ಅಷ್ಟೇ ವ್ಯತ್ಯಾಸ. ಫಾರಂ ಐವತ್ತು, ಐವತ್ತಮೂರು, ಐವತ್ತೇಳು ಅಂತ ನಾವು ಕಾಗದ ನುಂಗಿಕೊಂಡು ಕೂತ್ವಿ, ಇವರು ಒಂದೇ ಫಾರಂನಲ್ಲಿ...”

“ಅಪ್ಪ, ಮೆಲ್ಲಗೆ,” ಎಂದ ಮಗ.

ಮೆಲ್ಲಗೆ ಹೇಗಾಗುತ್ತದೆ? ಸಾಕ್ಷಿ ಬೇಕು ಎಂದ ಕಡೆ ಸುಳ್ಳು ಸಾಕ್ಷಿ ಇದ್ದೇ ಇರುತ್ತದಲ್ಲ, ನಾನು ಅದನ್ನು ಮಗನ ಮನೆಯಲ್ಲೇ ಓದಿಕೊಂಡು ಬಂದಿದ್ದೆ. ಚರಿತ್ರೆಕಾರರು ಬರೆದಿಟ್ಟಿದ್ದಾರೆ: ಹನ್ನೆರಡಕ್ಕೆ ಹದಿನಾಲ್ಕರ ಮನೆ ಇದೆ ಎಂದು ಪ್ರಮಾಣ ಮಾಡುತ್ತಿದ್ದರಂತೆ, ಅಡಿಯೋ ಅಂಗುಲವೋ ಹೇಳುತ್ತಿರಲಿಲ್ಲ, ಹೊಲದ ನಡುವೆ ಗುಬ್ಬಿಗೂಡಿನಷ್ಟು ಒಂದು ಪೆಟ್ಟಿಗೆ ಇರುತ್ತಿತ್ತು. ಇನ್ನು ಕೆಲವರು ಚಕ್ರದ ಮೇಲೆ ಮನೆ ಕಟ್ಟಿ, ತನಿಖೆ ಇದ್ದ ಜಮೀನಿಗೆ ಎಳೆದುಕೊಂಡು ಹೋಗುತ್ತಿದ್ದರು. ಒಂದೇ ಮನೆ ಹತ್ತು ಜನರ ವಾಸಸ್ಥಳ. ಸ್ಥಳ ತನಿಖೆಗೆ ಹೋಗದೆ ಬಸ್ ನಿಲ್ದಾಣದ ಹೋಟೆಲಿನಲ್ಲೇ ಮಹಜರು ಬರೆದು ಪಂಚರ ರುಜು ಹಾಕಿಸುವವರನ್ನು ಕಂಡಿದ್ದ ನನಗೆ, ಮನೆಯನ್ನೇ ಎಳೆದು ತಂದು ಅಧಿಕಾರಿಗೆ ತೋರಿಸುವ ಆ ಜನರ ಶ್ರದ್ಧೆ ದೊಡ್ಡದಾಗಿ ಕಂಡಿತು.

ನನ್ನವಳು ಅರಸೀಕೆರೆ ಕಡೆಯ ಶಾನುಭೋಗರ ಮಗಳು. ಪಹಣಿ ಅವಳಿಗೆ ತವರಿನ ಭಾಷೆ. ಇಷ್ಟೂ ಹೊತ್ತು ಗೋಡೆಯ ನಕ್ಷೆ ನೋಡುತ್ತ ನಿಂತಿದ್ದವಳು ಒಂದೇ ಪ್ರಶ್ನೆ ಹಾಕಿದಳು.

“ಇದಕ್ಕೆ ಮೊದಲು ಖಾತೆ ಯಾರ ಹೆಸರಲ್ಲಿತ್ತು?”

ನಾನು ಸರ್ಕಾರಿ ಜಮೀನು ಎಂದೆ.

“ಸರ್ಕಾರಕ್ಕೆ ಎಲ್ಲಿಂದ ಬಂತು?”

ಉತ್ತರ ಹೇಳಿದ್ದು ಸೊಸೆ. ಪಾವ್ನಿ ಎಂಬ ಜನ ಇಲ್ಲಿ ಮಣ್ಣು ಹೊದಿಸಿದ ದುಂಡು ಮನೆ ಕಟ್ಟಿಕೊಂಡು, ಮುಸುಕಿನ ಜೋಳ, ಬೀನ್ಸ್, ಕುಂಬಳ ಬೆಳೆದುಕೊಂಡು ಇದ್ದರು. ಪ್ಲಾಟ್ ನದಿಯ ದಕ್ಷಿಣದ ನೆಲ 1833ರ ಒಪ್ಪಂದದಲ್ಲಿ ಅವರ ಕೈಬಿಟ್ಟಿತು, ಉಳಿದದ್ದರಲ್ಲಿ ಬಹುಪಾಲು 1857ರಲ್ಲಿ. 1870ರ ದಶಕದಲ್ಲಿ ಅವರನ್ನೇ ಇವತ್ತಿನ ಓಕ್ಲಹೋಮಾ ಕಡೆಗೆ ಸಾಗಹಾಕಿದರು. ನನ್ನವಳು ನಕ್ಷೆಯ ಚೌಕಗಳನ್ನು ಇನ್ನೊಮ್ಮೆ ನೋಡಿದಳು. “ಅದಕ್ಕೇ ಇಷ್ಟು ನೀಟಾಗಿದೆ. ಹಿಂದಿನ ಖಾತೆದಾರರ ಹೆಸರು ಅಳಿಸಿ ಹೊಸ ಪುಸ್ತಕ ಹಾಕಿದ್ದಾರೆ,” ಎಂದಳು. ಒತ್ತುವರಿಯೇ ಇಲ್ಲದ ಊರು ಎಂದು ಕಾರಿನಲ್ಲಿ ಉದ್ಗಾರ ತೆಗೆದಿದ್ದ ನಾನು ಲಿಂಕನ್ನರ ರುಜು ಇರುವ ಕಡೆ ನೋಡುತ್ತ ನಿಂತೆ.

ಅಷ್ಟರಲ್ಲಿ ಸೊಸೆಯ ಬಾಯಿಂದ ಇನ್ನೊಂದು ವಿವರ ಬಿತ್ತು. ಆ ಕಾಯಿದೆಯಲ್ಲಿ ಹೆಂಗಸರೂ ಜಮೀನು ಹಿಡಿಯಬಹುದಿತ್ತು: ಮದುವೆಯಾಗದವರು, ವಿಧವೆಯರು. ಗಂಡನ ಜೊತೆಗಿರುವವಳಿಗೆ ಮಾತ್ರ ಅವಳ ಹೆಸರಲ್ಲಿ ಸಿಗುತ್ತಿರಲಿಲ್ಲ.

“ಅಂದ್ರೆ ಮದುವೆ ಆಗದೇ ಇದ್ದಿದ್ರೆ ನೂರ ಅರವತ್ತು ಎಕರೆ,” ಎಂದಳು ನನ್ನವಳು. ಆಮೇಲೆ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಜಮೀನಿನ ಮೌಲ್ಯಮಾಪನ ಮಾಡುವ ನೋಟ ಅದು. ಅದನ್ನು ಬೇರೆಯವರ ಆಸ್ತಿಯ ಮೇಲೆ ನಾನು ಎಷ್ಟೋ ಸಲ ಬೀರಿದ್ದೇನೆ.

ಅಲ್ಲಿಂದ ಹುಲ್ಲುಹೆಂಟೆಯ ಮನೆಗೆ ಹೋದೆವು. ಮ್ಯೂಸಿಯಂನದು ಮಾದರಿಗಾಗಿ ಕಟ್ಟಿದ್ದು, ಆದರೂ ಒಳಗೆ ಕಾಲಿಟ್ಟರೆ ಸಾಕು, ಆ ಬಯಲಿನ ಬದುಕು ಅರ್ಥವಾಗುತ್ತದೆ. ಮರ ಇಲ್ಲ, ಕಲ್ಲಿಲ್ಲ. ಇದ್ದದ್ದು ಹುಲ್ಲು, ಅದರ ಬೇರು ಹೆಣೆದು ಹಿಡಿದ ಮಣ್ಣು. ನೇಗಿಲಿನಲ್ಲಿ ಅದನ್ನೇ ಪಟ್ಟೆ ಪಟ್ಟೆಯಾಗಿ ಸೀಳಿ, ಗುದ್ದಲಿಯಿಂದ ತುಂಡರಿಸಿ, ಹುಲ್ಲಿನ ಮಗ್ಗುಲು ಕೆಳಗೆ ಮಾಡಿ ಇಟ್ಟಿಗೆಯ ಬದಲು ಪೇರಿಸುತ್ತಿದ್ದರು. ಎರಡರಿಂದ ಮೂರು ಅಡಿ ದಪ್ಪದ ಗೋಡೆ. ಹೊರಗೆ ಬಿಸಿಲು ಕೆಂಡ, ಒಳಗೆ ತಂಪು.

“ಆಹಾ, ಏಸಿ ಯಾಕೆ ಬೇಕು?” ಎಂದು ನಾನು ಗೋಡೆಗೆ ಬೆನ್ನು ಕೊಟ್ಟೆ. “ನಮ್ಮಜ್ಜನ ಮನೆ ಪಡಸಾಲೆ ಹೀಗೇ. ಮಧ್ಯಾಹ್ನ ಊಟ ಆದಮೇಲೆ ಅಲ್ಲಿ ಮಲಗಿದರೆ...”

ನನ್ನವಳು ಪಡಸಾಲೆಯ ಕಡೆ ಬರಲೇ ಇಲ್ಲ. ಅವಳು ಚಾವಣಿ ನೋಡುತ್ತಿದ್ದಳು. ಹೆಂಟೆ ಚಾವಣಿ ಮಳೆ ಬಂದರೆ ಸೋರುತ್ತದೆ, ಮಳೆ ನಿಂತ ಮೇಲೂ ದಿನಗಟ್ಟಲೆ ಸೋರುತ್ತದೆ. ಒಣಗಿದರೆ ಮಣ್ಣು ಉದುರುತ್ತದೆ. ಆಗಾಗ ಹಾವೂ ಉದುರುತ್ತದೆ. ಅದಕ್ಕೆಂದು ಆ ಹೆಂಗಸರು ಸೂರಿನಡಿ ಬಟ್ಟೆ ಕಟ್ಟುತ್ತಿದ್ದರು.

“ಸಾರು ಕುದಿಯೋವಾಗ ಮಣ್ಣು ಬಿದ್ರೆ?” ಎಂದಳು.

“ತಟ್ಟೆ ಮುಚ್ಚೋದಪ್ಪ.”

“ಯಾರು ಮುಚ್ಚೋದು?”

ಇಂಥ ಪ್ರಶ್ನೆಗೆ ನನ್ನ ಅನುಭವದಲ್ಲಿ ಉತ್ತರವಿಲ್ಲ. ಉತ್ತರ ಕೊಟ್ಟರೆ ಉಪಪ್ರಶ್ನೆ ಬರುತ್ತದೆ. ಇಲ್ಲಿ ಇನ್ನೂ ದೊಡ್ಡ ಉಪಪ್ರಶ್ನೆ ಒಲೆಯ ಹತ್ತಿರ ಕಾದಿತ್ತು. ಮರವಿಲ್ಲದ ಬಯಲಲ್ಲಿ ಒಲೆಗೆ ಹಾಕುತ್ತಿದ್ದದ್ದು ಕಾಡೆಮ್ಮೆಯ ಒಣ ಸಗಣಿ. ಕಾಡೆಮ್ಮೆಗಳನ್ನು ಕೊಂದು ಮುಗಿಸಿದ ಮೇಲೆ ಹಸುವಿನದು. ಅದೂ ಸಾಲದಾಗ ತೆನೆಯ ದಿಂಡು, ಇಲ್ಲವೇ ಹುಲ್ಲನ್ನು ಹೊಸೆದು ಮಾಡಿದ ಕಂತೆ. ಹುಲ್ಲು ಉರಿದು ಮುಗಿಯುವುದು ಕ್ಷಣದಲ್ಲಿ, ಆದ್ದರಿಂದ ಅಡುಗೆ ಮುಗಿಯುವ ತನಕ ಮನೆಯಲ್ಲೊಬ್ಬರು ಹುಲ್ಲು ಹೊಸೆಯುತ್ತಲೇ ಇರಬೇಕಿತ್ತು. ಮೊಮ್ಮಗಳು ಹಾಳೆ ತೆಗೆದು, “ಪೂಪ್?” ಎಂದು ಮೂಗು ಮುಚ್ಚಿಕೊಂಡಿತು. ನನ್ನವಳ ಮುಖ ಅರಳಿತು. ಈ ದೇಶಕ್ಕೆ ಬಂದ ಮೇಲೆ ಅವಳಿಗೆ ಪೂರ್ತಿ ತಿಳಿದ ವಿಷಯ ಎದುರಾದದ್ದು ಇದೇ ಮೊದಲು.

“ಬಿದ್ದಿದ್ದನ್ನ ಹಾಗೇ ಎತ್ಕೊಂಡು ಬರ್ತಿದ್ರಂತಾ? ಅಯ್ಯೋ ಪೆದ್ದುಗಳಾ. ಹೊಟ್ಟು ಸೇರಿಸಿ, ಕಲಸಿ, ಗೋಡೆಗೆ ತಟ್ಟಿದ್ರೆ ತಾನೇ ಬೆರಣಿ? ಆಗಲೇ ಉರಿ ನಿಲ್ಲೋದು.” ಮೊಮ್ಮಗಳ ಎರಡೂ ಅಂಗೈ ಹಿಡಿದು ಎಷ್ಟು ಸಗಣಿ, ಎಷ್ಟು ಹೊಟ್ಟು, ಐದು ಬೆರಳು ಹೇಗೆ ಊರಬೇಕು ಎಂದು ಗಾಳಿಯಲ್ಲಿ ತಟ್ಟಿ ತೋರಿಸಿದಳು. ಪಕ್ಕದಲ್ಲಿದ್ದ ಒಬ್ಬ ಬಿಳಿಕೂದಲಿನ ಅಮೆರಿಕನ್ ಹೆಂಗಸು ಇದೇನು ನೃತ್ಯವೋ ಎಂದು ನಿಂತು ನೋಡಿದಳು. ಸೊಸೆ ವಿವರಿಸಿದ ಮೇಲೆ ಆಕೆ, ತನ್ನಜ್ಜಿ ಮೊದಮೊದಲು ಕೈಗೆ ಚಿಂದಿ ಸುತ್ತಿಕೊಂಡು ಹಸುವಿನ ಸಗಣಿ ಎತ್ತುತ್ತಿದ್ದಳಂತೆ, ಆಮೇಲೆ ಬರಿಗೈಯಲ್ಲಿ, ಕೊನೆಗೆ ಕೈಯನ್ನೂ ತೊಳೆಯದೆ ರೊಟ್ಟಿಗೆ ಹಿಟ್ಟು ನಾದುತ್ತಿದ್ದಳಂತೆ ಎಂದಳು. ಇಬ್ಬರೂ ಭಾಷೆಯ ಹಂಗಿಲ್ಲದೆ ಬಹಳ ಹೊತ್ತು ನಕ್ಕರು. ಮೊಮ್ಮಗಳು ‘ಅಜ್ಜಿ’ ಎಂಬ ಕಡೆ ಗುರುತು ಹಾಕಿಕೊಂಡಿತು.

ನಾನೂ ಆ ನಗೆಯಲ್ಲಿ ಸೇರಲು ನೋಡಿದೆ. “ಬೆರಣಿ ಒಲೇಲಿ ಸುಟ್ಟ ಬದನೆಕಾಯಿ ಗೊಜ್ಜು ಇದೆಯಲ್ಲ...” ಎಂದು ಶುರುಮಾಡಿದರೆ ಯಾರೂ ತಿರುಗಿ ನೋಡಲಿಲ್ಲ.

ಮನೆಗಳನ್ನು ಬಿಚ್ಚಿ ತಂದು ಬಯಲಲ್ಲಿ ಮರುಜೋಡಿಸುವ ಈ ಹುಚ್ಚು ಹೆಸರಾದದ್ದು ಸ್ವೀಡನ್ನಿನಲ್ಲಿ, 1891ರಲ್ಲಿ ಸ್ಟಾಕ್‌ಹೋಮಿನ ಸ್ಕಾನ್ಸೆನ್‌ನಿಂದ. ನಮ್ಮಲ್ಲೂ ಅಂಥ ಪುಣ್ಯಾತ್ಮರು ಒಬ್ಬರಿದ್ದರು. ಬ್ಯಾಂಕ್ ನೌಕರಿಯಲ್ಲಿದ್ದ ವಿಜಯನಾಥ ಶೆಣೈಯವರು ಕುಂಜೂರಿನ ಚೌಕಿ ಮನೆ, ಕುಕನೂರಿನ ಕಮಲ ಮಹಲ್ ಎಲ್ಲ ಮಣಿಪಾಲಕ್ಕೆ ತಂದು ನಿಲ್ಲಿಸಿದರು. ಅದನ್ನು ನಾವು ಮಕ್ಕಳು ಚಿಕ್ಕವರಿದ್ದಾಗಲೇ ನೋಡಬೇಕಿತ್ತು, ಸೊಸೆ ಬಂದ ಮೇಲೆ ನೋಡಿದೆವು. ಅದನ್ನು ನೆನೆದು, “ನಮ್ಮ ಚೌಕಿ ಮನೆಯ ಕಂಬದ ಮುಂದೆ ಈ ಹೆಂಟೆ ಮನೆ ಯಾವ ಮೂಲೆಗೆ!” ಎಂದು ನಾನು ದೇಶಾಭಿಮಾನ ತೋರಿದೆ. “ಅಲ್ಲೂ ನೀವು ಕಂಬದ ಹತ್ತಿರವೇ ನಿಂತಿದ್ರಿ. ಅಡುಗೆಮನೆ ಎಲ್ಲಿದೆ ಅಂತ ಕೇಳಲಿಲ್ಲ,” ಎಂದಳು ನನ್ನವಳು. ಇವಳಿಗೆ ಇಂಥವು ಹೇಗೆ ನೆನಪಿರುತ್ತವೆ!

ಹೆಂಟೆ ಮನೆಯ ಹೊರಗೆ ಸೊಸೆ ಫೋನಿನಲ್ಲಿ ಒಂದು ಹಳೆಯ ಫೋಟೋ ತೋರಿಸಿದಳು. ಸಾಲಮನ್ ಬುಚರ್ ಎಂಬ ಫೋಟೋಗ್ರಾಫರ್ 1886ರಿಂದ ಇದೇ ರಾಜ್ಯದ ಕಸ್ಟರ್ ಜಿಲ್ಲೆಯಲ್ಲಿ ಕುದುರೆಗಾಡಿ ಹತ್ತಿಕೊಂಡು ಮನೆಮನೆಗೆ ಹೋಗಿ ಈ ರೈತ ಕುಟುಂಬಗಳ ಫೋಟೋ ಹಿಡಿದ. ಬೇಸಾಯದಲ್ಲಿ ಸೋತವನಂತೆ, ಸಾವಿರಾರು ಗಾಜಿನ ನೆಗೆಟಿವ್ ಬಿಟ್ಟುಹೋಗಿದ್ದಾನೆ. ಅವನ ಫೋಟೋದಲ್ಲಿ ಜನ ಮನೆಯೊಳಗೆ ಕೂರುವುದಿಲ್ಲ. ಮನೆಯ ಮುಂದೆ ಸಾಲಾಗಿ ನಿಂತು, ತಮ್ಮಲ್ಲಿದ್ದ ಒಳ್ಳೆಯದನ್ನೆಲ್ಲ ಹೊರಗೆ ತಂದಿಡುತ್ತಾರೆ: ಕುದುರೆ, ಹೊಲಿಗೆ ಯಂತ್ರ, ಪಂಜರದ ಹಕ್ಕಿ, ಕಲ್ಲಂಗಡಿ. ಒಂದು ಚಿತ್ರದಲ್ಲಿ ಗುಡ್ಡಕ್ಕೆ ಒತ್ತಿ ಕಟ್ಟಿದ ಮನೆಯ ನೆತ್ತಿಯ ಮೇಲೆ ಹಸುವೇ ನಿಂತಂತಿದೆ. ಇನ್ನೊಂದರಲ್ಲಿ ಹಿಲ್ಟನ್ ಎಂಬ ಮನೆಯವರು. ಆ ಮನೆಯಾಕೆಗೆ ಹೆಂಟೆ ಮನೆಯಲ್ಲಿರುವುದು ಊರಿನ ಬಂಧುಗಳಿಗೆ ಗೊತ್ತಾಗಬಾರದು. ಆದರೆ ಮನೆಯಲ್ಲಿ ಆರ್ಗನ್ ವಾದ್ಯ ಇದೆಯೆಂಬುದು ಗೊತ್ತಾಗಲೇಬೇಕು. ಅದಕ್ಕೆ ಅಷ್ಟು ಭಾರದ ಆರ್ಗನ್ನನ್ನು ಹೊತ್ತು ಕೊಟ್ಟಿಗೆಯ ಅಂಗಳಕ್ಕೆ ತಂದು, ದನಗಳ ನಡುವೆ ಅದರ ಸುತ್ತ ನಿಂತು ಫೋಟೋ ಹೊಡೆಸಿಕೊಂಡರು. ಮುಗಿದ ಮೇಲೆ ಮತ್ತೆ ಒಳಗೆ ಹೊತ್ತರು.

“ಗಂಡ ಹೊತ್ತನಲ್ಲ, ಅದು ನೋಡಿ,” ಎಂದಳು ನನ್ನವಳು.

ನನಗೆ ಉತ್ಸಾಹ ಬಂತು. ನಾವೂ ಹಾಗೇ ಹೆಂಟೆ ಮನೆಯ ಮುಂದೆ ಗಂಭೀರವಾಗಿ ನಿಂತು, ಅವರವರಿಗೆ ಅಮೂಲ್ಯವಾದದ್ದನ್ನು ಹಿಡಿದು ಒಂದು ಫೋಟೋ ತೆಗೆಸಿಕೊಳ್ಳೋಣ ಎಂದು ಪ್ರಸ್ತಾಪ ಮಂಡಿಸಿದೆ. ಮಗ ಕಾರಿನ ಕೀಲಿ ಹಿಡಿದ. ಮೊಮ್ಮಗಳು ತನ್ನ ಹಾಳೆ ಹಿಡಿದಳು. ನಾನು ಏನೂ ಸಿಗದೆ ಬುತ್ತಿಚೀಲ ಹಿಡಿದೆ. ಒಳಗೆ ಪುಳಿಯೋಗರೆ ಇತ್ತು. ನನ್ನವಳು ಎಲ್ಲಿ ಎಂದು ನೋಡಿದರೆ ಆಸಾಮಿ ಕಾಣೆ.

ಆ ಮ್ಯೂಸಿಯಂನಲ್ಲಿ 1830ರಿಂದ ಏಳು ತಲೆಮಾರಿನ ಅಡುಗೆಮನೆಗಳನ್ನು ಒಂದರ ಪಕ್ಕ ಒಂದು ಇಟ್ಟಿದ್ದಾರೆ. ಹುಡುಕಿಕೊಂಡು ಹೋದಾಗ ಅವಳು ಅಲ್ಲೂ ಇರಲಿಲ್ಲ, ಆದರೆ ನಾನು ಅಲ್ಲಿ ಸಿಕ್ಕಿಬಿದ್ದೆ. ಎತ್ತರದ ಮರದ ಕೊಳವೆಯೊಳಗೆ ಕೋಲು ಇಳಿಬಿಟ್ಟ ಬೆಣ್ಣೆಪಾತ್ರೆ ಕಂಡಿತು. ಮೊಮ್ಮಗಳಿಗೆ ಹೇಳತೊಡಗಿದೆ: ನಮ್ಮಲ್ಲಿ ಕಂಬಕ್ಕೆ ಹಗ್ಗ ಕಟ್ಟಿ ಕಡೆಗೋಲು ಎಳೆಯುತ್ತಿದ್ದದ್ದು, ಬೆಳಗಿನ ಜಾವದ ಆ ಗುಡುಗುಡು ಸದ್ದು, ಬೆಣ್ಣೆ ಮುದ್ದೆಯಾಗುವ ಹೊತ್ತಿಗೆ ಅಂಗೈ ಚಾಚಿ ಕೂತರೆ ಬೀಳುತ್ತಿದ್ದ ನೆಲ್ಲಿಕಾಯಿ ಗಾತ್ರದ ಉಂಡೆ.

“ಸೋ, ನೀನು ಕಡೀತಿದ್ಯಾ ತಾತ?” ಪೆನ್ಸಿಲ್ ಸಿದ್ಧವಾಗಿತ್ತು.

“ಅಜ್ಜಿ ಕಡೀತಿದ್ರು. ನಮ್ಮಮ್ಮ ಕಡೀತಿದ್ರು.”

“ನೀನು?”

“ನಾನು... ಅಂಗೈ ಚಾಚ್ತಿದ್ದೆ.”

ಪಟ್ಟಿಯಲ್ಲಿ ಅಂಗೈ ಚಾಚುವುದಕ್ಕೆ ಜಾಗ ಇರಲಿಲ್ಲ. ನೀರು? ಅಕ್ಕ ಸೇದುತ್ತಿದ್ದಳು, ನಾನು ಬಿಂದಿಗೆಯೊಳಗೆ ಇಣುಕಿ ಕೂಗಿ ನನ್ನದೇ ದನಿ ಕೇಳುತ್ತಿದ್ದೆ. ದೀಪದ ಗಾಜು? ಚಿಕ್ಕಮ್ಮ ಒರೆಸುತ್ತಿದ್ದರು, ಒಂದು ಸಲ ನಾನು ಒರೆಸಿದೆ, ಆಮೇಲೆ ಹೊಸ ಗಾಜು ತಂದರು. ಕೋಳಿ ನಮ್ಮ ಮನೆಯಲ್ಲಿ ಸಾಕುವಂತಿರಲಿಲ್ಲ, ಪುಣ್ಯ. ಎದುರಿಗೆ ನಿಂತ ಎಂಟು ವರ್ಷದ ತನಿಖಾಧಿಕಾರಿ ಒಂದೊಂದನ್ನೂ ಓದಿ, ನನ್ನ ಮುಖ ನೋಡಿ, ಮುಂದಿನದಕ್ಕೆ ಹೋಗುತ್ತಿತ್ತು. ಹಳೆಯ ಕಾಲದ ಬಗ್ಗೆ ನನ್ನಲ್ಲಿರುವ ನೆನಪುಗಳೆಲ್ಲ ಎಲೆಯ ಮುಂದೆ ಕೂತವನ ನೆನಪುಗಳು ಎಂಬುದು ಕೊನೆಯ ಸಾಲಿನ ಹೊತ್ತಿಗೆ ದಾಖಲೆಯಾಗಿತ್ತು. ನನ್ನ ಹೆಸರಿನ ಕೆಳಗಿನ ಅಂಕಣದಲ್ಲಿ ಒಂದೂ ಗುರುತಿಲ್ಲ. ಇಬ್ಬರು ಸಾಕ್ಷಿ ತರಬಹುದೇ ಎಂದು ಯೋಚಿಸಿದೆ. ಇದ್ದ ಸಾಕ್ಷಿಗಳು ಒಬ್ಬಳು ಹೆಂಡತಿ, ಇನ್ನೊಬ್ಬಳು ಸೊಸೆ. ಕೇಸು ಬಿಟ್ಟೆ.

“ತಾತ ಆಫೀಸಿನಲ್ಲಿ ಕೆಲಸ ಮಾಡ್ತಿದ್ರು ಅಂತ ಬರಕೋ,” ಎಂದೆ ಕೊನೆಗೆ.

“ದಟ್ಸ್ ನಾಟ್ ಎ ಚೋರ್, ತಾತ,” ಎಂದಿತು, ಕನಿಕರದಿಂದ.

ನನ್ನವಳು ಸಿಕ್ಕಿದ್ದು ಬಟ್ಟೆ ಒಗೆಯುವ ಯಂತ್ರಗಳ ಸಾಲಿನಲ್ಲಿ. ಲಿಂಕನ್ನರ ರುಜುವಿನ ಮುಂದೆ ನಾನು ನಿಂತಿದ್ದೆನಲ್ಲ, ಅವಳು ಅಲ್ಲಿ ಹಾಗೆ ನಿಂತಿದ್ದಳು. ಮೊದಲು ಗೀರುಹಲಗೆ. ಆಮೇಲೆ ಮರದ ತೊಟ್ಟಿಗೆ ಹಿಡಿ ಇಟ್ಟು ತಿರುಗಿಸುವಂಥದ್ದು. ಆಮೇಲೆ ಬಟ್ಟೆಯನ್ನು ಎರಡು ಉರುಳೆಗಳ ನಡುವೆ ತೂರಿಸಿ ಹಿಂಡುವುದು. ಆಮೇಲೆ ಪೆಟ್ರೋಲಿನದು: ಪಕ್ಕದ ಅಯೋವಾದ ನ್ಯೂಟನ್ ಎಂಬ ಊರಿನ ಮೇಟ್ಯಾಗ್ ಕಂಪನಿಯವರು ಕರೆಂಟಿಲ್ಲದ ಹಳ್ಳಿಗಳಿಗಾಗಿ ಅಡಿಯಲ್ಲಿ ಎಂಜಿನ್ ಇಟ್ಟು ಮಾಡಿದ್ದರು, ಕಾಲಲ್ಲಿ ಒದ್ದು ಚಾಲೂ ಮಾಡಿ, ಹೊಗೆಯ ಕೊಳವೆಯನ್ನು ಕಿಟಕಿಯಿಂದ ಆಚೆ ಬಿಡಬೇಕಿತ್ತು. 1930ರ ದಶಕದ ಮಧ್ಯದಲ್ಲೂ ಈ ದೇಶದ ಹತ್ತು ರೈತ ಮನೆಗಳಲ್ಲಿ ಸುಮಾರು ಒಂದಕ್ಕೆ ಮಾತ್ರ ವಿದ್ಯುತ್ ಇತ್ತು ಎಂಬುದನ್ನು ಸೊಸೆ ಓದಿ ಹೇಳಿದಾಗ ನನ್ನವಳು ನಂಬಲಿಲ್ಲ. “ಅಮೆರಿಕಾದಲ್ಲಾ?” ಎಂದು ಮತ್ತೆ ಓದಿಸಿದಳು. ಇಲ್ಲಿನ ಹೆಂಗಸರಿಗೆ ಸೋಮವಾರ ಬಂತೆಂದರೆ ಒಗೆಯುವ ದಿನ, ಮಂಗಳವಾರ ಇಸ್ತ್ರಿ. ಸೋಪನ್ನೂ ಬೂದಿಯ ನೀರಿಗೆ ಕೊಬ್ಬು ಬೆರೆಸಿ ತಾವೇ ಕಾಯಿಸಿಕೊಳ್ಳಬೇಕು. ಹೆಂಟೆ ಮನೆಯಲ್ಲಿ ಅವಳ ಬಾಯಿಂದ ಬಾರದ ಪ್ರಶಂಸೆ ಇಲ್ಲಿ ಹೊರಬಿತ್ತು.

“ಲಿಂಕನ್ನೋ ಗಿಂಕನ್ನೋ ಗೊತ್ತಿಲ್ಲ. ಇದನ್ನ ಕಂಡುಹಿಡಿದವನ ಫೋಟೋ ಎಲ್ಲಿ ಹಾಕಿದಾರೆ?”

ಸೂರ್ಯನ ಪರವಾಗಿ ನಾನು ಅಲ್ಲಿ ಏನೂ ಮಾತಾಡಲಿಲ್ಲ.

ಹೆಂಟೆ ಮನೆಯ ಮುಂದೆ ಬಾರದವಳು ಇಲ್ಲಿ ತಾನೇ ಸೆರಗು ಸರಿಮಾಡಿಕೊಂಡು ಫೋಟೋಗೆ ನಿಂತಳು. ಮುಟ್ಟಬಾರದೆಂದು ಹಗ್ಗ ಕಟ್ಟಿದ್ದರಿಂದ, ನಾನು ಈಚೆಯಿಂದ ಕೈ ಚಾಚಿ, ಯಂತ್ರದ ಹಿಡಿ ತಿರುಗಿಸುವಂತೆ ಗಾಳಿಯಲ್ಲಿ ಮುಷ್ಟಿ ಹಿಡಿಯಬೇಕೆಂದು ಅಪ್ಪಣೆಯಾಯಿತು. ಹಿಡಿದೆ. ಅವಳು ಪಕ್ಕದಲ್ಲಿ ಕೈಕಟ್ಟಿ ನಿಂತಳು. ಬುಚರ್ ಇದ್ದಿದ್ದರೆ ಮೆಚ್ಚುತ್ತಿದ್ದ. ಫೋಟೋ ಆ ಕ್ಷಣವೇ ಅವಳ ಅಕ್ಕತಂಗಿಯರ ವಾಟ್ಸಾಪ್ ಗುಂಪಿಗೆ ಹೋಯಿತು. ಅಲ್ಲಿ ನಡುರಾತ್ರಿ ದಾಟಿತ್ತು, ಆದರೂ ಎಚ್ಚರಿದ್ದರು. ಆ ಮನೆಯವರು ನನ್ನ ವಿಷಯಕ್ಕೆ ಸದಾ ಎಚ್ಚರ.

ದೊಡ್ಡಕ್ಕ ಕೈಮುಗಿಯುವ ಚಿತ್ರ ಹಾಕಿದರು. ಎರಡನೆಯವರು, “ಭಾವನವರು ಬಟ್ಟೆ ಒಗೆಯೋಕೆ ಅಮೆರಿಕಾಕ್ಕೇ ಹೋಗಬೇಕಾಯ್ತಾ?” ಎಂದರು. ಊರಲ್ಲೇ ಇರುವ ಕಡೆಯ ತಂಗಿ ಮಾತ್ರ ಎಲ್ಲ ಬಿಟ್ಟು ಫೋಟೋವನ್ನು ದೊಡ್ಡದು ಮಾಡಿ ಆ ಮರದ ತೊಟ್ಟಿಯನ್ನು ನೋಡಿದ್ದಳು. ಅವಳ ಧ್ವನಿಸಂದೇಶ ಬಂತು. ನನ್ನವಳು ಎಲ್ಲರಿಗೂ ಕೇಳುವಂತೆ ಹಾಕಿದಳು.

“ಅಕ್ಕಾ, ಇದು ಕೈಯಲ್ಲಿ ತಿರುಗಿಸೋದಾ? ಇಲ್ಲಿ ಮೂರು ದಿನದಿಂದ ಕರೆಂಟಿಲ್ಲ, ನಮ್ಮ ಮಿಷನ್ನು ಸುಮ್ನೆ ಕೂತಿದೆ, ಬಟ್ಟೆ ಗುಡ್ಡ ಆಗಿದೆ. ಅಲ್ಲಿ ಮಾರೋಕಿಟ್ಟಿದಾರಾ ಕೇಳು. ಹಳೇದಾದ್ರೂ ಪರವಾಗಿಲ್ಲ. ಭಾವ ಹೇಗೂ ಆಫೀಸಲ್ಲಿ ಇದ್ದೋರು, ರೇಟು ಮಾತಾಡಲಿ.”

ನನ್ನವಳು ನನ್ನ ಕಡೆ ತಿರುಗಿದಳು. ಮಾರೋದಲ್ಲ ಅಮ್ಮ, ಇದು ಮ್ಯೂಸಿಯಂ ಎಂದು ಮಗ ಹೇಳುತ್ತಿದ್ದ.

“ಕೇಳೋದರಲ್ಲಿ ಏನು ಹೋಗುತ್ತೆ,” ಎಂದು ಅವಳು ಬುತ್ತಿಚೀಲವನ್ನು ನನ್ನ ಕೈಯಿಂದ ತೆಗೆದುಕೊಂಡಳು. ನಾನು ಟಿಕೆಟ್ ಕೊಡುವವರ ಕಡೆ ನಡೆದೆ. ಹಿಂದೆ ಮೊಮ್ಮಗಳು ಹಾಳೆ ಬಿಡಿಸಿ, ಇದನ್ನು ಯಾವ ಕೆಲಸದ ಕೆಳಗೆ ಬರೆಯಬೇಕೆಂದು ಅಮ್ಮನನ್ನು ಕೇಳುತ್ತಿತ್ತು.